ರಕ್ಷಣಾ ಆಟಗಾರನಿಗೆ ರಕ್ಷಣೆ ಎಲ್ಲಿದೆ?

ಶನಿವಾರಸಂತೆ: ವಾರದ ಸಂತೆಯನ್ನೇ ಹೆಸರಾಗಿಸಿಕೊಂಡಿರುವ ಈ ಊರು ಉತ್ತರ ಕೊಡಗಿನ ಅಂಚಿನಲ್ಲಿದೆ. ಸೋಮವಾರಪೇಟೆ ತಾಲ್ಲೂಕಿಗೆ ಸೇರಿದ ಈ ಹೋಬಳಿಯಿಂದ ಸ್ವಲ್ಪ ದೂರ ಸಾಗಿದರೆ ಹಾಸನ ಜಿಲ್ಲೆ ಆರಂಭವಾಗುತ್ತದೆ. ಕಾಫಿ, ಕರಿಮೆಣಸು, ಭತ್ತ ಇಲ್ಲಿನ ಬದುಕು. ಬೆಲೆ ಏರಿದರೆ ಸಂತೆ ಕಳೆಗಟ್ಟುತ್ತದೆ, ಇಳಿದರೆ ಮಂಕಾಗುತ್ತದೆ. ಇಂತಹ ಊರಿಗೂ ಫ್ರಾನ್ಸ್ ದೇಶದ ಫುಟ್ಬಾಲ್ ಆಟಗಾರನೊಬ್ಬನ ವೃತ್ತಿಜೀವನಕ್ಕೂ ಎತ್ತಣಿಂದೆತ್ತ ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಅದನ್ನು ಅರಿಯಲು 2024ರ ಎರಡು ಸುದ್ದಿಗಳನ್ನು ಜೊತೆಗಿಟ್ಟು ನೋಡಬೇಕು.

ಮೊದಲನೆಯದು, 2024ರ ಸೆಪ್ಟೆಂಬರ್ 25ರಂದು ಫ್ರಾನ್ಸಿನ ರಕ್ಷಣಾ ಆಟಗಾರ ರಫಾಯೆಲ್ ವರಾನ್ ಫುಟ್ಬಾಲಿಗೆ ವಿದಾಯ ಹೇಳಿದ್ದು. 2018ರ ವಿಶ್ವಕಪ್ ಗೆದ್ದ ತಂಡದ ಆಧಾರಸ್ತಂಭವಾಗಿದ್ದ ಆತನಿಗೆ ಆಗ ಕೇವಲ 31 ವರ್ಷ. ಮಂಡಿಯ ಗಾಯ ಅವರನ್ನು ಅಂಗಳದಿಂದ ಹೊರಗೆ ಕಳುಹಿಸಿತು. ಎರಡನೆಯದು, ಅದೇ ವರ್ಷದ ಡಿಸೆಂಬರ್ 28ರಂದು ಒಡಿಶಾದ ರೂರ್ಕೆಲಾದಲ್ಲಿ ಹಾಕಿ ಇಂಡಿಯಾ ಲೀಗ್ ಮತ್ತೆ ಆರಂಭವಾದದ್ದು. 2017ರಲ್ಲಿ ನಿಂತುಹೋಗಿದ್ದ ಈ ವೃತ್ತಿಪರ ಲೀಗ್ ಏಳು ವರ್ಷಗಳ ನಂತರ ಕಣ್ತೆರೆಯಿತು. ಆಗ ರಚನೆಯಾದ ಎಂಟು ಪುರುಷರ ತಂಡಗಳಲ್ಲಿ ಕರ್ನಾಟಕದ ಹೆಸರಿನ ತಂಡ ಒಂದೂ ಇರಲಿಲ್ಲ.

ಒಂದು ಫುಟ್ಬಾಲ್, ಇನ್ನೊಂದು ಹಾಕಿ. ಆದರೆ ಪ್ರಶ್ನೆ ಒಂದೇ. ಎದುರಾಳಿಯನ್ನು ತಡೆದು ನಿಲ್ಲಿಸುವುದನ್ನೇ ಜೀವನೋಪಾಯವಾಗಿ ಆರಿಸಿಕೊಂಡ ಹುಡುಗನ ಬದುಕಿಗೆ ಬೆನ್ನೆಲುಬಾಗಿ ನಿಲ್ಲುವವರು ಯಾರು? ಈ ಪ್ರಶ್ನೆಗೆ ಫ್ರಾನ್ಸ್ ಒಂದು ಬಗೆಯ ಉತ್ತರ ಕಂಡುಕೊಂಡಿದೆ. ಕೊಡಗು ಕೂಡ ತನ್ನದೇ ಉತ್ತರವನ್ನು ಕಂಡುಕೊಂಡಿತ್ತು. ಆ ಉತ್ತರ ಈಗ ಸವೆಯುತ್ತಿದೆ ಎಂಬುದೇ ಇಂದಿನ ಆತಂಕ.

ಕಾಣದ ಕೆಲಸ, ಎಣಿಕೆಗೆ ಸಿಗದ ಬೆಲೆ

ಮುಂಪಡೆಯ ಆಟಗಾರನ ಯೋಗ್ಯತೆಯನ್ನು ಅಳೆಯುವುದು ಸುಲಭ. ಎಷ್ಟು ಗೋಲು ಹೊಡೆದ ಎಂದು ಎಣಿಸಿದರಾಯಿತು. ಗೋಲ್‌ಕೀಪರ್ ತಡೆದ ಚೆಂಡುಗಳನ್ನೂ ಎಣಿಸಬಹುದು. ರಕ್ಷಣಾ ಆಟಗಾರನ ಕಥೆ ಬೇರೆ. ಆತ ಸರಿಯಾದ ಜಾಗದಲ್ಲಿ ನಿಂತ ಕಾರಣಕ್ಕೆ ಎದುರಾಳಿ ಆ ಕಡೆಗೆ ಚೆಂಡನ್ನೇ ಕೊಡುವುದಿಲ್ಲ. ನಡೆಯದೇ ಹೋದ ಆ ದಾಳಿ ಯಾವ ಅಂಕಿಅಂಶದಲ್ಲೂ ದಾಖಲಾಗುವುದಿಲ್ಲ. ತೊಂಬತ್ತು ನಿಮಿಷ ತಪ್ಪಿಲ್ಲದೆ ಆಡಿದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಇರುವುದಿಲ್ಲ. ಒಮ್ಮೆ ಎಡವಿದರೆ ಮಾತ್ರ ತಲೆಬರಹಕ್ಕೆ ಏರುತ್ತದೆ.

ಮಾರುಕಟ್ಟೆಗೂ ಇದೇ ದೃಷ್ಟಿ. 2012ರ ಡಿಸೆಂಬರ್‌ನಲ್ಲಿ ನಡೆದ ಹಾಕಿ ಇಂಡಿಯಾ ಲೀಗಿನ ಮೊದಲ ಹರಾಜಿನಲ್ಲಿ ಕೊಡಗಿನ ಹಾತೂರಿನ ವಿ.ಆರ್. ರಘುನಾಥ್ ಅವರನ್ನು ಉತ್ತರ ಪ್ರದೇಶ ವಿಜಾರ್ಡ್ಸ್ ತಂಡ 76 ಸಾವಿರ ಡಾಲರ್‌ಗೆ ಕೊಂಡಿತು. ಅಂದಿನ ತಂಡದ ನಾಯಕ ಸರ್ದಾರ್ ಸಿಂಗ್ ಪಡೆದದ್ದು 78 ಸಾವಿರ ಡಾಲರ್. ರಘುನಾಥ್ ಫುಲ್‌ಬ್ಯಾಕ್ ಆಟಗಾರ, ಅಂದರೆ ಅಪ್ಪಟ ರಕ್ಷಣಾ ಆಟಗಾರ. ಹಾಗಿದ್ದರೆ ಹರಾಜುಕಟ್ಟೆ ರಕ್ಷಣಾ ಆಟಕ್ಕೆ ಬೆಲೆ ಕೊಟ್ಟಿತು ಎನ್ನಬಹುದೇ? ಅವಸರ ಬೇಡ. ರಘುನಾಥ್ ಪೆನಾಲ್ಟಿ ಕಾರ್ನರ್ ಅವಕಾಶಗಳಲ್ಲಿ ಡ್ರ್ಯಾಗ್ ಫ್ಲಿಕ್ ಮೂಲಕ ಗೋಲು ಹೊಡೆಯುವುದರಲ್ಲಿ ನಿಪುಣರಾಗಿದ್ದರು. 2024ರ ಹರಾಜಿನಲ್ಲಿ 78 ಲಕ್ಷ ರೂಪಾಯಿಯೊಂದಿಗೆ ಅತಿ ದುಬಾರಿ ಎನಿಸಿದ ಹರ್ಮನ್‌ಪ್ರೀತ್ ಸಿಂಗ್ ಕೂಡ ಅದೇ ಜಾತಿಯ ಆಟಗಾರ, ರಕ್ಷಣಾ ವಿಭಾಗದಲ್ಲಿ ನಿಂತು ಗೋಲು ಹೊಡೆಯುವವರು. ಹರಾಜುಕಟ್ಟೆ ಕೈಯೆತ್ತಿದ್ದು ಅವರು ಹೊಡೆಯುವ ಗೋಲಿಗೆ. ತಡೆಯುವ ಗೋಲು ಅದರ ಜೊತೆಗೆ ಬಂದ ಕೊಸರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಡ್ರ್ಯಾಗ್ ಫ್ಲಿಕ್ ಬಾರದ ರಕ್ಷಣಾ ಆಟಗಾರನಿಗೆ ಹರಾಜಿನ ಮೇಲೆ ಭರವಸೆ ಇಡುವ ಹಾಗಿಲ್ಲ. ಆತನಿಗೆ ಬೇಕಾದದ್ದು ವರ್ಷವಿಡೀ ಬರುವ ಸಂಬಳ, ಹಲವು ವರ್ಷಗಳ ಒಪ್ಪಂದ, ಗಾಯಗೊಂಡರೆ ಚಿಕಿತ್ಸೆ, ಆಟ ಮುಗಿದ ಮೇಲೆ ಒಂದು ನೌಕರಿ. ಅಂದರೆ ಅದೃಷ್ಟಕ್ಕಿಂತ ವ್ಯವಸ್ಥೆ ಮುಖ್ಯ. ಈ ವ್ಯವಸ್ಥೆಯ ವಿಚಾರದಲ್ಲಿಯೇ ಫ್ರಾನ್ಸಿನ ಅನುಭವ ನಮಗೆ ಪ್ರಸ್ತುತವಾಗುತ್ತದೆ.

ಗಣಿಯೂರಿನ ಪಾಠಶಾಲೆ

ವರಾನ್ ಹುಟ್ಟಿದ್ದು ಉತ್ತರ ಫ್ರಾನ್ಸಿನ ಲೀಲ್ ನಗರದಲ್ಲಿ, 1993ರಲ್ಲಿ. ಬಾಲಕನಾಗಿದ್ದಾಗಲೇ ನೆರೆಯ ಲೆನ್ಸ್ ಊರಿನ ಕ್ಲಬ್ ಸೇರಿದರು. ಲೆನ್ಸ್ ಕಲ್ಲಿದ್ದಲು ಗಣಿಗಳ ಊರು. ಆ ಪ್ರಾಂತದ ಗಣಿಗಳೆಲ್ಲ 1990ರ ಹೊತ್ತಿಗೆ ಒಂದೊಂದಾಗಿ ಮುಚ್ಚಿದವು. ಊರಿನ ಜನಸಂಖ್ಯೆ ಸುಮಾರು 32 ಸಾವಿರ. ಅಲ್ಲಿನ ಫುಟ್ಬಾಲ್ ಕ್ರೀಡಾಂಗಣದಲ್ಲಿ ಸುಮಾರು 38 ಸಾವಿರ ಜನ ಕೂರಬಹುದು! ದುಡಿಮೆ ಹೋದರೂ ಊರು ತನ್ನ ಕ್ಲಬ್ಬನ್ನು ಬಿಡಲಿಲ್ಲ.

ಆ ಕ್ಲಬ್ಬಿನ ತರಬೇತಿ ಕೇಂದ್ರದಲ್ಲಿ ಬೆಳೆದ ವರಾನ್ 17ನೇ ವಯಸ್ಸಿನಲ್ಲಿ, 2010ರಲ್ಲಿ, ಮೊದಲ ವೃತ್ತಿಪರ ಪಂದ್ಯವಾಡಿದರು. ಮರುವರ್ಷ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕರೆಯಿತು. ಆಗ ಆತ ನಮ್ಮ ದ್ವಿತೀಯ ಪಿಯುಸಿಗೆ ಸಮನಾದ ಪರೀಕ್ಷೆಗೆ ಓದುತ್ತಿದ್ದರು. ಮಹಾನ್ ಆಟಗಾರ ಝಿನೆದಿನ್ ಝಿದಾನ್ ದೂರವಾಣಿ ಕರೆ ಮಾಡಿದಾಗ, ಪರೀಕ್ಷೆಯ ತಯಾರಿಯಲ್ಲಿದ್ದೇನೆ, ಆಮೇಲೆ ಮಾತಾಡೋಣ ಎಂದರಂತೆ. ಈ ಪ್ರಸಂಗವನ್ನು ಅಲ್ಲಿನ ಪತ್ರಿಕೆಗಳು ಬಹಳ ಸಲ ಬರೆದಿವೆ. ನಗು ತರಿಸುವ ಈ ಮಾತಿನ ಹಿಂದೆ ಒಂದು ಕಟ್ಟುಪಾಡು ಇದೆ. ತರಬೇತಿ ಕೇಂದ್ರದಲ್ಲಿರುವ ಹುಡುಗನಿಗೆ ಶಾಲೆ ತಪ್ಪಿಸುವಂತಿಲ್ಲ. ಏಕೆಂದರೆ ಕೇಂದ್ರ ಸೇರಿದವರಲ್ಲಿ ಬಹುಪಾಲು ಹುಡುಗರು ವೃತ್ತಿಪರ ಆಟಗಾರರಾಗುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿದೆ.

ಈ ಕಟ್ಟುಪಾಡುಗಳು ಆಕಾಶದಿಂದ ಇಳಿದುಬಂದವಲ್ಲ. ಫ್ರಾನ್ಸಿನಲ್ಲಿ ವೃತ್ತಿಪರ ಫುಟ್ಬಾಲಿಗೆ ಮಾನ್ಯತೆ ಸಿಕ್ಕಿದ್ದು 1932ರಲ್ಲಿ. ಆದರೆ ಬಹುಕಾಲ ಆಟಗಾರ ಕ್ಲಬ್ಬಿನ ಆಳಿನಂತಿದ್ದ. 35ನೇ ವಯಸ್ಸಿನವರೆಗೂ ಒಂದೇ ಕ್ಲಬ್ಬಿಗೆ ಕಟ್ಟುಬಿದ್ದಿರಬೇಕಿತ್ತು. 1961ರಲ್ಲಿ ಆಟಗಾರರು ತಮ್ಮದೇ ಒಕ್ಕೂಟ ಕಟ್ಟಿದರು. 1958ರ ವಿಶ್ವಕಪ್‌ನಲ್ಲಿ 13 ಗೋಲು ಹೊಡೆದ ಜುಸ್ತ್ ಫೋಂತೇನ್ ಅದರ ಸ್ಥಾಪಕರಲ್ಲೊಬ್ಬರು. ಹೋರಾಟದ ಫಲವಾಗಿ 1969ರಲ್ಲಿ ನಿಗದಿತ ಅವಧಿಯ ಒಪ್ಪಂದ ಜಾರಿಗೆ ಬಂತು. 1973ರ ವೃತ್ತಿಪರ ಫುಟ್ಬಾಲ್ ಸನ್ನದು ಕ್ಲಬ್ಬುಗಳು ತರಬೇತಿ ಕೇಂದ್ರ ನಡೆಸುವುದನ್ನು ಕಡ್ಡಾಯಗೊಳಿಸಿತು. ಒಪ್ಪಂದ ಮುಗಿದು ಕೆಲಸವಿಲ್ಲದೆ ಉಳಿದ ಆಟಗಾರರು ಮೈ ಹುರಿಗೊಳಿಸಿಕೊಂಡು ಹೊಸ ಕ್ಲಬ್ ಹುಡುಕಲೆಂದು ಅದೇ ಒಕ್ಕೂಟ ಬೇಸಿಗೆಯಲ್ಲಿ ಒಂದು ತಂಡವನ್ನೇ ನಡೆಸುತ್ತದೆ. ಕ್ಲಬ್ಬುಗಳ ಲೆಕ್ಕಪತ್ರ ಪರಿಶೀಲಿಸಿ, ಹಣವಿಲ್ಲದಿದ್ದರೆ ಕೆಳಗಿನ ದರ್ಜೆಗೆ ತಳ್ಳುವ ಅಧಿಕಾರವುಳ್ಳ ಮಂಡಳಿಯೂ ಅಲ್ಲಿದೆ.

ಹಾಗೆಂದು ಫ್ರಾನ್ಸನ್ನು ಸ್ವರ್ಗವೆಂದು ಭಾವಿಸಬೇಕಿಲ್ಲ. ಆರು ಬಾರಿ ಲೀಗ್ ಗೆದ್ದ ಬೋರ್ದೋ ಕ್ಲಬ್ 2024ರ ಜುಲೈನಲ್ಲಿ ದಿವಾಳಿಯ ಅಂಚಿಗೆ ಬಂದು ವೃತ್ತಿಪರ ಸ್ಥಾನಮಾನವನ್ನೇ ಕೈಬಿಟ್ಟಿತು. ಆಟಗಾರರ ಒಪ್ಪಂದಗಳು ರದ್ದಾದವು, ತರಬೇತಿ ಕೇಂದ್ರಕ್ಕೆ ಬೀಗ ಬಿತ್ತು. ಇಂದು ಫ್ರಾನ್ಸಿನ ಹೆಸರಾಂತ ರಕ್ಷಣಾ ಆಟಗಾರರಲ್ಲೊಬ್ಬರಾದ ಜೂಲ್ ಕುಂಡೆ ಬೆಳೆದದ್ದು ಅದೇ ಕೇಂದ್ರದಲ್ಲಿ. ಆದರೂ ಒಂದು ವ್ಯತ್ಯಾಸವಿದೆ. ಬೋರ್ದೋ ಮುಳುಗಿದಾಗ ಅಲ್ಲಿನ ಆಟಗಾರನಿಗೆ ಬೇರೆ ಕ್ಲಬ್ಬುಗಳಿದ್ದವು, ಒಕ್ಕೂಟವಿತ್ತು, ಲೀಗ್ ನಿಲ್ಲಲಿಲ್ಲ. ಒಂದು ಮನೆ ಕುಸಿದರೂ ಊರು ಉಳಿದಿತ್ತು.

ಕೊಡಗಿನ ನಾಲ್ಕು ಕಂಬಗಳು

ಈಗ ನಮ್ಮ ಅಂಗಳಕ್ಕೆ ಬರೋಣ. ಕೊಡಗಿನಲ್ಲಿ ಇಂತಹ ಸನ್ನದಿರಲಿಲ್ಲ, ವೃತ್ತಿಪರ ಕ್ಲಬ್ಬೂ ಇರಲಿಲ್ಲ. ಆದರೂ ಈ ಪುಟ್ಟ ಜಿಲ್ಲೆ ದೇಶಕ್ಕೆ ಕೊಟ್ಟ ಹಾಕಿ ಆಟಗಾರರ ಪಟ್ಟಿ ಬೆರಗು ಹುಟ್ಟಿಸುವಂತಹದು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದು, 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡವನ್ನು ಮುನ್ನಡೆಸಿದ ಎಂ.ಪಿ. ಗಣೇಶ್, 1975ರ ವಿಶ್ವಕಪ್ ವಿಜೇತ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದು 1988ರಲ್ಲಿ ಸೋಲ್‌ಗೆ ನಾಯಕರಾಗಿ ಹೋದ ಎಂ.ಎಂ. ಸೋಮಯ್ಯ, ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ, ಪೆನಾಲ್ಟಿ ಕಾರ್ನರ್ ಪರಿಣತ ಲೆನ್ ಅಯ್ಯಪ್ಪ, ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಮತ್ತು ಎಸ್.ವಿ. ಸುನಿಲ್. ಕುತೂಹಲದ ಸಂಗತಿಯೆಂದರೆ, ಗಣೇಶ್ ಮೊದಲು ಫುಟ್ಬಾಲ್ ಆಟಗಾರರಾಗಿದ್ದವರು. ಹಾಕಿಯಲ್ಲಿ ನೆಲೆಯೂರಿದ್ದು ಸೇನೆ ಸೇರಿದ ಮೇಲೆ.

ಇಷ್ಟು ಜನ ಹೇಗೆ ಬಂದರು? ಕೊಡಗಿನ ಆಟಗಾರ ನಾಲ್ಕು ಕಂಬಗಳ ಮೇಲೆ ನಿಂತಿದ್ದ. ಮೊದಲನೆಯದು ಮನೆ ಮತ್ತು ಊರಿನ ಮೈದಾನ. ಎರಡನೆಯದು ಕ್ರೀಡಾ ಹಾಸ್ಟೆಲ್ ಮತ್ತು ಶಾಲೆ. ಮಡಿಕೇರಿ, ಪೊನ್ನಂಪೇಟೆ, ಕೂಡಿಗೆಗಳು ಈ ವಿಚಾರದಲ್ಲಿ ಪರಿಚಿತ ಹೆಸರುಗಳು. ಮೂರನೆಯದು ಸೇನೆ. ನಾಲ್ಕನೆಯದು ಸಾರ್ವಜನಿಕ ಉದ್ದಿಮೆ, ಅಂದರೆ ತೈಲ ಕಂಪನಿ, ಬ್ಯಾಂಕು, ರೈಲ್ವೆಗಳ ನೌಕರಿ. ಸಂಬಳ ದೊಡ್ಡದಲ್ಲದಿದ್ದರೂ ಖಾತರಿಯಾಗಿತ್ತು. ಇಪ್ಪತ್ತೆಂಟು, ಮೂವತ್ತನೇ ವಯಸ್ಸಿನಲ್ಲಿ ಮಂಡಿ ಸೋತರೂ ಮೇಜು ಕುರ್ಚಿಯ ಕೆಲಸವೊಂದು ಕಾಯ್ದಿರುತ್ತಿತ್ತು. ಲೆನ್ಸಿನ ಹುಡುಗನಿಗೆ ಸನ್ನದು ಕೊಟ್ಟದ್ದನ್ನು ಕೊಡಗಿನ ಹುಡುಗನಿಗೆ ಈ ನಾಲ್ಕು ಕಂಬಗಳು ಕೊಡುತ್ತಿದ್ದವು.

ರಘುನಾಥ್ ಅವರ ಬದುಕು ಇದಕ್ಕೆ ಉತ್ತಮ ನಿದರ್ಶನ. 1988ರಲ್ಲಿ ಹುಟ್ಟಿದ ಅವರು 2005ರಲ್ಲಿ, ಹದಿಹರೆಯದಲ್ಲೇ, ಭಾರತ ತಂಡಕ್ಕೆ ಬಂದರು. 2007ರ ಏಷ್ಯಾ ಕಪ್ ಚಿನ್ನದ ತಂಡದಲ್ಲಿದ್ದರು. ಮರುವರ್ಷವೇ ಭಾರತ ಎಂಟು ದಶಕಗಳಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸ್ ಅರ್ಹತೆ ಕಳೆದುಕೊಂಡಿತು. 2012ರ ಲಂಡನ್‌ನಲ್ಲಿ ತಂಡ ಕಟ್ಟಕಡೆಯ 12ನೇ ಸ್ಥಾನಕ್ಕೆ ಕುಸಿಯಿತು. 2014ರ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ, 2016ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಬೆಳ್ಳಿ ಬಂತು. ಅದೇ ವರ್ಷ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದರು, ಅರ್ಜುನ ಪ್ರಶಸ್ತಿಯೂ ಸಂದಿತು. ಸೋಲಿನ ಪಾತಾಳವನ್ನೂ ಏಳಿಗೆಯ ಮೊದಲ ಮೆಟ್ಟಿಲನ್ನೂ ಕಂಡ ಪೀಳಿಗೆ ಅದು. ಆ ಏಳುಬೀಳುಗಳ ನಡುವೆ ಹಿಂದೆ ನಿಂತು ಗೋಲು ಕಾಯ್ದವರಲ್ಲಿ ಅವರೊಬ್ಬರು.

ಲೀಗುಗಳ ಅಲ್ಪಾಯುಷ್ಯ

ಇದೇ ಅವಧಿಯಲ್ಲಿ ವೃತ್ತಿಪರ ಹಾಕಿಯ ಕನಸೂ ಹುಟ್ಟಿತು. ಅದರ ಲೆಕ್ಕ ಹಾಕಿ ನೋಡಿ. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಆರಂಭವಾಯಿತು. ಬೆಂಗಳೂರಿನ ತಂಡವೂ ಅದರಲ್ಲಿತ್ತು. ನಾಲ್ಕು ಆವೃತ್ತಿ ಕಂಡು 2008ರಲ್ಲಿ ಕೊನೆಗೊಂಡಿತು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂತು. ಅರ್ಜುನ್ ಹಾಲಪ್ಪ ನಾಯಕತ್ವದ ಕರ್ನಾಟಕ ಲಯನ್ಸ್ ತಂಡ ಕಣಕ್ಕಿಳಿಯಿತು. ಎರಡು ಆಡಳಿತ ಸಂಸ್ಥೆಗಳ ಕಿತ್ತಾಟದ ನಡುವೆ ನಡೆದ ಆ ಲೀಗ್ ಎರಡನೇ ಆವೃತ್ತಿ ಕಾಣಲೇ ಇಲ್ಲ. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಬಂತು, ಐದು ಆವೃತ್ತಿಗಳ ನಂತರ 2017ರಲ್ಲಿ ನಿಂತಿತು, 2024ರ ಕೊನೆಯಲ್ಲಿ ಮತ್ತೆ ಎದ್ದಿತು.

ಇಪ್ಪತ್ತು ವರ್ಷಗಳಲ್ಲಿ ಮೂರು ಲೀಗುಗಳು, ಒಟ್ಟು ಹತ್ತು ಹನ್ನೊಂದು ಆವೃತ್ತಿಗಳು. ಅವೂ ವರ್ಷಕ್ಕೆ ಕೆಲವೇ ವಾರಗಳ ಆಟ. ಆಟಗಾರನ ವೃತ್ತಿಜೀವನವಾದರೋ ಹೆಚ್ಚೆಂದರೆ ಹನ್ನೆರಡು, ಹದಿನೈದು ವರ್ಷ. ಲೀಗ್ ಮರಳಿ ಬರಬಹುದು, ಇಪ್ಪತ್ತರ ಹರೆಯ ಮರಳಿ ಬರುವುದಿಲ್ಲ. 2017ರಲ್ಲಿ 21 ವರ್ಷದವನಾಗಿದ್ದ ರಕ್ಷಣಾ ಆಟಗಾರನಿಗೆ ಲೀಗ್ ಮರಳುವಷ್ಟರಲ್ಲಿ 28 ತುಂಬಿತ್ತು. ಆತನ ಪಾಲಿನ ಅತ್ಯುತ್ತಮ ಏಳು ವರ್ಷಗಳಿಗೆ ಬೆಲೆ ಕಟ್ಟುವವರು ಯಾರೂ ಇರಲಿಲ್ಲ.

ಆ ಶೂನ್ಯದಲ್ಲಿಯೂ ಆಟಗಾರರು ಉಳಿದದ್ದು ಹಳೆಯ ಕಂಬಗಳ ಆಸರೆಯಿಂದ. ಭಾರತದ ಪರ 260ಕ್ಕೂ ಹೆಚ್ಚು ಪಂದ್ಯವಾಡಿದ ಸುನಿಲ್ ಅವರಂತಹವರಿಗೂ ವರ್ಷವಿಡೀ ಆಸರೆಯಾಗಿ ಉಳಿಯುವ ಲೀಗ್ ಒಂದು ಸಿಗಲಿಲ್ಲ. ಆದರೆ ಉದ್ದಿಮೆಗಳು ಖಾಯಂ ನೇಮಕಾತಿಯನ್ನು ಮೊದಲಿನಂತೆ ಮಾಡುತ್ತಿಲ್ಲ. ಒಪ್ಪಂದದ ಮೇಲೆ ಒಂದೆರಡು ವರ್ಷ ಆಡಿಸಿಕೊಂಡು ಕಳುಹಿಸುವ ಪದ್ಧತಿ ಹೆಚ್ಚುತ್ತಿದೆ. ಸೇನಾ ನೇಮಕಾತಿಯೂ 2022ರ ಅಗ್ನಿಪಥ ಯೋಜನೆಯ ನಂತರ ನಾಲ್ಕು ವರ್ಷಗಳ ಅವಧಿಗೆ ಬದಲಾಗಿದೆ, ಅದರಲ್ಲಿ ಶೇ. 25ರಷ್ಟು ಮಂದಿ ಮಾತ್ರ ಖಾಯಂ ಸೇವೆಗೆ ಉಳಿಯಲು ಅವಕಾಶ. ಹಳೆಯ ಮನೆಯ ಕಂಬ ಕಿತ್ತಾಯಿತು, ಹೊಸ ಮನೆಗೆ ಇನ್ನೂ ಮಾಡು ಹೊದಿಸಿಲ್ಲ. ಮಳೆ ಮಾತ್ರ ಕಾಯುವುದಿಲ್ಲ.

ನಾಲ್ಕರಿಂದ ಸೊನ್ನೆಗೆ

ಇದರ ಪರಿಣಾಮವೇ ಎಂದು ಖಡಾಖಂಡಿತವಾಗಿ ಹೇಳುವುದು ಕಷ್ಟವಾದರೂ ಅಂಕಿಗಳು ಮಾತಾಡುತ್ತವೆ. 2016ರ ರಿಯೊ ಒಲಿಂಪಿಕ್ಸ್‌ಗೆ ಹೋದ 16 ಆಟಗಾರರ ಪುರುಷರ ಹಾಕಿ ತಂಡದಲ್ಲಿ ಕೊಡಗಿನ ನಾಲ್ವರಿದ್ದರು. ರಘುನಾಥ್, ಸುನಿಲ್, ಎಸ್.ಕೆ. ಉತ್ತಪ್ಪ ಮತ್ತು ನಿಕಿನ್ ತಿಮ್ಮಯ್ಯ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 41 ವರ್ಷಗಳ ನಂತರ ಭಾರತಕ್ಕೆ ಪದಕ ಬಂತು. 2024ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಕಂಚು ಬಂತು. ಈ ಎರಡೂ ತಂಡಗಳಲ್ಲಿ ಕೊಡಗಿನ ಒಬ್ಬನೇ ಒಬ್ಬ ಆಟಗಾರನಿರಲಿಲ್ಲ. ಬರಗಾಲದಲ್ಲಿ ಬಿತ್ತಿದವರು ಸುಗ್ಗಿಯ ಹೊತ್ತಿಗೆ ಕಣದಲ್ಲಿರಲಿಲ್ಲ ಎಂಬಂತಾಯಿತು.

ಪ್ಯಾರಿಸ್‌ನಲ್ಲಿ ಕೊಡಗಿನ ಮನೆತನಗಳ ಹೆಸರು ಕೇಳಿಬಂತು, ನಿಜ. ಆದರೆ ಟೆನಿಸ್‌ನಲ್ಲಿ ರೋಹನ್ ಬೋಪಣ್ಣ, ಬ್ಯಾಡ್ಮಿಂಟನ್‌ನಲ್ಲಿ ಅಶ್ವಿನಿ ಪೊನ್ನಪ್ಪ ಅವರ ಮೂಲಕ. ಅವರಿಬ್ಬರ ಆಟ ಪಕ್ವಗೊಂಡದ್ದು ಜಿಲ್ಲೆಯ ಹೊರಗಿನ ನಗರಗಳ ಅಕಾಡೆಮಿಗಳಲ್ಲಿ. ಹಾಕಿಯ ಭಾರಕೇಂದ್ರವೂ ಇದೇ ಅವಧಿಯಲ್ಲಿ ಒಡಿಶಾದ ಕಡೆಗೆ ವಾಲಿತು. ಅಲ್ಲಿನ ಸರ್ಕಾರ 2018ರಿಂದ ರಾಷ್ಟ್ರೀಯ ತಂಡಗಳ ಪ್ರಾಯೋಜಕತ್ವ ವಹಿಸಿ, ರೂರ್ಕೆಲಾದಲ್ಲಿ 20 ಸಾವಿರ ಆಸನಗಳ ಕ್ರೀಡಾಂಗಣ ಕಟ್ಟಿತು.

ಹಾಗಾದರೆ ಕೊಡಗಿನಲ್ಲಿ ಆಸಕ್ತಿ ಬತ್ತಿದೆಯೇ? ಇಲ್ಲವೆಂದು ಕೌಟುಂಬಿಕ ಹಾಕಿ ಹಬ್ಬವೇ ಸಾರುತ್ತದೆ. ಪಾಂಡಂಡ ಕುಟ್ಟಪ್ಪ ಅವರ ಕನಸಿನಂತೆ 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬ ತಂಡಗಳೊಂದಿಗೆ ಆರಂಭವಾದ ಕೊಡವ ಕುಟುಂಬಗಳ ಈ ಪಂದ್ಯಾವಳಿಯಲ್ಲಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು, 2025ರಲ್ಲಿ ಮಡಿಕೇರಿಯಲ್ಲಿ 396 ತಂಡಗಳು ಭಾಗವಹಿಸಿದವು. ತಾತನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವ ಇಂತಹ ಹಬ್ಬ ಬೇರೆಲ್ಲಿದೆ? ಆದರೆ ಹಬ್ಬ ಬೇರೆ, ವೃತ್ತಿ ಬೇರೆ. ಹಬ್ಬ ಹುಡುಗನ ಕೈಗೆ ಕೋಲು ಕೊಡುತ್ತದೆ. ಅದೇ ಕೋಲಿನಿಂದ ಹದಿನೈದು ವರ್ಷ ಅನ್ನ ಸಂಪಾದಿಸುವ ದಾರಿಯನ್ನು ಹಬ್ಬವೊಂದೇ ತೋರಿಸಲಾರದು. ಅದು ಅದರ ಹೊಣೆಯೂ ಅಲ್ಲ.

ಶನಿವಾರಸಂತೆಯ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುವುದು ಇಲ್ಲಿಯೇ. ಉತ್ತರ ಕೊಡಗಿನ ಈ ಭಾಗದಲ್ಲಿ ಹಲವು ಸಮುದಾಯಗಳ ಜನರಿದ್ದಾರೆ. ತೋಟದ ಕೂಲಿ ಕಾರ್ಮಿಕರ ಮಕ್ಕಳಿದ್ದಾರೆ. ಕುಟುಂಬ ತಂಡದ ಆಸರೆ ಅವರೆಲ್ಲರಿಗೂ ಇಲ್ಲ. ಅವರ ಪಾಲಿಗೆ ಆಟದ ಬಾಗಿಲು ಎಂದರೆ ಸರ್ಕಾರಿ ಶಾಲೆಯ ಮೈದಾನ, ಅಲ್ಲಿನ ದೈಹಿಕ ಶಿಕ್ಷಕ, ಆಮೇಲೆ ಕ್ರೀಡಾ ಹಾಸ್ಟೆಲ್. ಈ ಮೂರರಲ್ಲಿ ಒಂದು ಕೈಕೊಟ್ಟರೂ ದಾರಿ ಮುಗಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ಮಣ್ಣಿನ ಮೈದಾನ ಕೆಸರು ಗದ್ದೆಯಾಗುತ್ತದೆ. ಅಂತರರಾಷ್ಟ್ರೀಯ ಹಾಕಿ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದಲೇ ಕೃತಕ ಹಾಸಿನ ಮೇಲೆ ನಡೆಯುತ್ತಿದೆ. ಮಣ್ಣಿನಲ್ಲಿ ಕಲಿತ ರಕ್ಷಣಾ ಆಟಗಾರ ಹಾಸಿನ ಮೇಲೆ ಚೆಂಡಿನ ವೇಗಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಆಯ್ಕೆಯ ವಯಸ್ಸೇ ದಾಟಿರುತ್ತದೆ.

ಫುಟ್ಬಾಲಿನ ಎಚ್ಚರಿಕೆ

ಹಾಕಿ ಬೇಡ, ಫುಟ್ಬಾಲ್ ಆಡಲಿ ಎನ್ನುವವರಿದ್ದಾರೆ. ಅದಕ್ಕೂ ಇಲ್ಲಿ ನೆಲೆಯಿದೆ. ಸುಂಟಿಕೊಪ್ಪದಲ್ಲಿ ಡಿ. ಶಿವಪ್ಪ ಸ್ಮಾರಕ ಪಂದ್ಯಾವಳಿ ನೋಡಲು ತೋಟಗಳಿಂದ ಜನ ಸಾಲುಗಟ್ಟಿ ಬರುತ್ತಾರೆ. ರಾಜ್ಯಕ್ಕೂ ದೊಡ್ಡ ಪರಂಪರೆಯಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ 1-2ರಿಂದ ಸೋತಾಗ ನಮ್ಮ ಏಕೈಕ ಗೋಲು ಹೊಡೆದವರು ಮೈಸೂರು ರಾಜ್ಯದ ಸಾರಂಗಪಾಣಿ ರಾಮನ್. ನಮ್ಮವರಲ್ಲಿ ಬಹಳಷ್ಟು ಮಂದಿ ಬರಿಗಾಲಲ್ಲಿ ಆಡಿದ್ದ ಆ ಪಂದ್ಯದಲ್ಲಿ ಎರಡು ಪೆನಾಲ್ಟಿಗಳು ಕೈತಪ್ಪಿದ್ದವು. ಫ್ರಾನ್ಸ್‌ಗೆ ಗೆಲುವಿನ ಗೋಲು ಸಿಕ್ಕಿದ್ದು ಕೊನೆಯ ನಿಮಿಷಗಳಲ್ಲಿ. ಅಂದಿನ ಅಂತರ ಅಷ್ಟೇ. ಮುಂದಿನ ದಶಕಗಳಲ್ಲಿ ಅವರು ವ್ಯವಸ್ಥೆ ಕಟ್ಟಿದರು, ನಾವು ನೆನಪು ಕಟ್ಟಿಕೊಂಡೆವು. ಸಂತೋಷ್ ಟ್ರೋಫಿಯನ್ನು 1968-69ರಲ್ಲಿ ಗೆದ್ದ ಮೈಸೂರು, ಕರ್ನಾಟಕವಾಗಿ ಅದನ್ನು ಮತ್ತೆ ಎತ್ತಿಹಿಡಿದದ್ದು 2023ರ ಮಾರ್ಚ್‌ನಲ್ಲಿ, ದೂರದ ರಿಯಾದ್‌ನಲ್ಲಿ.

2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಫ್ರಾನ್ಸಿನ ರಕ್ಷಣಾ ಆಟಗಾರರೇ ಪಕ್ಕದ ಚೆನ್ನೈಗೆ ಬಂದರು. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಮಿಂಚಿದ್ದ ಮಿಕಾಯೆಲ್ ಸಿಲ್ವೆಸ್ತ್ರ್ ತಮ್ಮ ವೃತ್ತಿಯ ಸಂಜೆಯಲ್ಲಿ ಚೆನ್ನೈಯಿನ್ ತಂಡಕ್ಕೆ ಆಡಿದರು. ಬೆರ್ನಾರ್ ಮೆಂಡಿ ಅದೇ ತಂಡದೊಂದಿಗೆ 2015ರಲ್ಲಿ ಪ್ರಶಸ್ತಿ ಗೆದ್ದರು. ಆಟಗಾರರನ್ನು ತರಿಸಿಕೊಂಡೆವು, ಅವರನ್ನು ರೂಪಿಸಿದ ಕಟ್ಟುಪಾಡನ್ನು ತರಿಸಿಕೊಳ್ಳಲಿಲ್ಲ.

ಅದರ ಫಲ 2025ರಲ್ಲಿ ಕಂಡಿತು. ಫುಟ್ಬಾಲ್ ಫೆಡರೇಷನ್ನಿಗೂ ಲೀಗಿನ ವಾಣಿಜ್ಯ ಪಾಲುದಾರ ಸಂಸ್ಥೆಗೂ ಇದ್ದ ಒಪ್ಪಂದ ನವೀಕರಣವಾಗದೆ ಜುಲೈನಲ್ಲಿ ಹೊಸ ಋತು ತೂಗುಯ್ಯಾಲೆಗೆ ಬಿತ್ತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರು ಹಾಗೂ ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿಯಿತು. 2026ರ ಫೆಬ್ರವರಿ 14ರಿಂದ ಲೀಗ್ ನಡೆಯುವುದಾಗಿ ಕ್ರೀಡಾ ಸಚಿವರು ಪ್ರಕಟಿಸಿದ್ದು 2026ರ ಜನವರಿಯಲ್ಲಿ. ದೇಶದ ಅತ್ಯುನ್ನತ ಲೀಗಿನ ಆಟಗಾರನೇ ತಿಂಗಳುಗಟ್ಟಲೆ ನಾಳೆ ಏನೆಂದು ತಿಳಿಯದೆ ಕುಳಿತನೆಂದರೆ ಸುಂಟಿಕೊಪ್ಪದ ಹುಡುಗ ಯಾವ ಧೈರ್ಯದಿಂದ ಓದು ಬದಿಗಿಟ್ಟು ಚೆಂಡಿನ ಹಿಂದೆ ಓಡಬೇಕು?

ಮಾಡಬೇಕಾದುದೇನು?

ಇಷ್ಟೆಲ್ಲ ಹೇಳಿದ ಮೇಲೆ ಪರಿಹಾರದ ಮಾತಾಡದಿದ್ದರೆ ಲೇಖನ ಗೊಣಗಾಟವಾದೀತು. ದೊಡ್ಡ ಕ್ರೀಡಾಂಗಣ, ಮತ್ತೊಂದು ಲೀಗ್ ಇವು ತಕ್ಷಣದ ಅಗತ್ಯಗಳಲ್ಲ. ನಾಲ್ಕು ಸಾಧಾರಣ ಕೆಲಸಗಳು ಮೊದಲು ಆಗಬೇಕು.

ಮೊದಲನೆಯದಾಗಿ, ಆಟಗಾರನನ್ನು ಬೆಳೆಸಿದವರಿಗೆ ಪಾಲು ಸಿಗಬೇಕು. ಜಾಗತಿಕ ಫುಟ್ಬಾಲಿನಲ್ಲಿ ಆಟಗಾರನೊಬ್ಬ ಹಣ ಪಡೆದು ಅಂತರರಾಷ್ಟ್ರೀಯವಾಗಿ ಕ್ಲಬ್ ಬದಲಿಸಿದಾಗ ಆ ಮೊತ್ತದ ಶೇ. 5ರಷ್ಟನ್ನು, 12ರಿಂದ 23ನೇ ವಯಸ್ಸಿನವರೆಗೆ ಅವನಿಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಹಂಚಬೇಕೆಂಬ ನಿಯಮವಿದೆ. ಹಳ್ಳಿಯ ಕ್ಲಬ್ ಉಳಿಯುವುದು ಇಂತಹ ಹಣದಿಂದ. ಹಾಕಿ ಲೀಗಿನ ಹರಾಜಿಗೂ ಇದೇ ತತ್ವ ಅನ್ವಯಿಸಿದರೆ ಕೂಡಿಗೆ, ಪೊನ್ನಂಪೇಟೆಯ ಹಾಸ್ಟೆಲುಗಳಿಗೆ ಹೊಸ ಕೋಲು, ಹೊಸ ಹಾಸು ಬರುತ್ತದೆ.

ಎರಡನೆಯದಾಗಿ, ವಿದ್ಯೆ. ಹಾಸ್ಟೆಲಿನ ಹುಡುಗ ಶಿಬಿರಗಳ ನಡುವೆ ಪಿಯುಸಿಯನ್ನೋ ಐಟಿಐಯನ್ನೋ ಮುಗಿಸುವಂತೆ ನೋಡಿಕೊಳ್ಳುವ ಹೊಣೆ ಕ್ರೀಡಾ ಇಲಾಖೆ ಮತ್ತು ಶಿಕ್ಷಣ ಇಲಾಖೆಗಳದು. ರಿಯಲ್ ಮ್ಯಾಡ್ರಿಡ್ ಕರೆದರೂ ಪರೀಕ್ಷೆ ಬರೆದ ವರಾನ್ ಪ್ರಸಂಗ ಹಾಸ್ಟೆಲಿನ ಗೋಡೆಯ ಮೇಲೆ ಬರೆದಿಡುವಂತಹದು.

ಮೂರನೆಯದಾಗಿ, ನೌಕರಿ. ಎಲ್ಲ ಇಲಾಖೆಗಳ ನೇಮಕಾತಿಯಲ್ಲಿ ಕ್ರೀಡಾಪಟುಗಳಿಗೆ ಶೇ. 2ರಷ್ಟು ಮೀಸಲಾತಿಯನ್ನು 2022ರಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಪ್ರಕಟಿಸಿದ್ದರು. ಇಂತಹ ಪ್ರಕಟಣೆಗಳು ಪದಕ ವಿಜೇತರ ಸನ್ಮಾನಕ್ಕೆ ಸೀಮಿತವಾಗದೆ, ರಾಜ್ಯ ತಂಡಕ್ಕೆ ಆಡಿದ ಸಾಮಾನ್ಯ ಆಟಗಾರನ ಕೈಗೂ ನೇಮಕಾತಿ ಪತ್ರವಾಗಿ ತಲುಪಬೇಕು. ಪದಕದ ಪಟ್ಟಿಯಲ್ಲಿ ಕಾಣದವನೇ ಹೆಚ್ಚಾಗಿ ರಕ್ಷಣಾ ಆಟಗಾರ.

ನಾಲ್ಕನೆಯದಾಗಿ, ದನಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಫೆಡರೇಷನ್ನುಗಳಲ್ಲಿ ಆಟಗಾರರ ಸಮಿತಿಗೂ, ವ್ಯಾಜ್ಯ ತೀರ್ಮಾನಕ್ಕೆ ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೂ ಅವಕಾಶ ಕಲ್ಪಿಸಿದೆ. ಇದು ಸ್ವಾಗತಾರ್ಹ. ಆದರೆ ಫ್ರಾನ್ಸಿನ ಆಟಗಾರರಿಗೆ ಹಕ್ಕು ಬಂದದ್ದು ಕಾಯ್ದೆಯ ಕರುಣೆಯಿಂದಲ್ಲ. ಅವರು 1961ರಲ್ಲಿ ಒಂದಾದರು, ಎಂಟು ವರ್ಷ ಹೋರಾಡಿ 1969ರಲ್ಲಿ ಪಡೆದರು. ನಮ್ಮ ಆಟಗಾರರೂ ತಾರೆಗಳೆಂಬ ಬಿಂಕ ಬಿಟ್ಟು ದುಡಿಯುವವರೆಂಬ ಅರಿವಿನಿಂದ ಒಂದಾಗದ ಹೊರತು ಸಂಬಳ ನಿಂತಾಗ ಕೇಳುವವರಿರುವುದಿಲ್ಲ.

ಈ ನಾಲ್ಕೂ ಆದರೆ ಪವಾಡವೇನೂ ನಡೆಯುವುದಿಲ್ಲ. ಶನಿವಾರಸಂತೆಯಿಂದ ನಾಳೆಯೇ ಇನ್ನೊಬ್ಬ ರಘುನಾಥ್ ಬರುತ್ತಾನೆಂದು ಯಾರೂ ಭರವಸೆ ಕೊಡಲಾರರು. ಮಂಡಿ ಸೋತರೆ ವಿಶ್ವಕಪ್ ಗೆದ್ದವನೂ 31ಕ್ಕೆ ಮನೆ ಸೇರಬೇಕಾಗುತ್ತದೆ. ಆದರೆ ಮನೆ ಸೇರಿದ ವರಾನ್ ಬಳಿ ಓದಿತ್ತು, ಉಳಿತಾಯವಿತ್ತು, ಕೊನೆಯದಾಗಿ ಆಡಿದ ಇಟಲಿಯ ಕೋಮೊ ಕ್ಲಬ್ಬಿನಲ್ಲಿಯೇ ಮುಂದಿನ ಜವಾಬ್ದಾರಿಯೂ ಕಾಯ್ದಿತ್ತು. ನಮ್ಮ ಹುಡುಗ 28ಕ್ಕೆ ಮನೆ ಸೇರಿದರೆ ಅವನ ಕೈಯಲ್ಲಿ ಏನಿರುತ್ತದೆ?

ಮಗನನ್ನು ಹಾಸ್ಟೆಲಿಗೆ ಸೇರಿಸಲೋ ಬೇಡವೋ ಎಂದು ಶನಿವಾರಸಂತೆಯ ತಂದೆತಾಯಿ ಯೋಚಿಸುವಾಗ ಅವರ ಮನಸ್ಸಿನಲ್ಲಿರುವುದು ಒಲಿಂಪಿಕ್ಸ್ ಪದಕವಲ್ಲ, ಈ ಪ್ರಶ್ನೆಯೇ. ಅದಕ್ಕೆ ರಾಜ್ಯ ಕೊಡುವ ಉತ್ತರದ ಮೇಲೆ ಕೊಡಗಿನ ಹಾಕಿಯ ಮುಂದಿನ ಪಟ್ಟಿ ಬರೆಯಲ್ಪಡುತ್ತದೆ. ತಂಡದ ಗೋಲನ್ನು ಕಾಯುವವನ ಬದುಕನ್ನು ತಂಡ ಕಾಯದಿದ್ದರೆ, ಆ ಜಾಗದಲ್ಲಿ ನಿಲ್ಲಲು ನಾಳೆ ಯಾರು ಬರುತ್ತಾರೆ?